ಸವೆದ ಮಂಡಿ ಮತ್ತೆ ಬೆಳೆಯುತ್ತಾ? ಅಮ್ಮನ ಕರಪತ್ರದಿಂದ ನ್ಯಾನೋಕಣದವರೆಗೆ

ಈ ವಾರದ ಕಥೆ ಶುರುವಾಗೋದು ನಮ್ಮ ಮನೆ ಅಡುಗೆಮನೆಯಲ್ಲಿ. ಪೇಪರ್ ಜೊತೆ ಬಂದಿದ್ದ ಒಂದು ಕರಪತ್ರವನ್ನು ಅಮ್ಮ ನನ್ನ ಕೈಗಿಟ್ಟು, "ಇದನ್ನ ಸ್ವಲ್ಪ ಓದಿ ಹೇಳೇ, ನಿಜಾನಾ ಸುಳ್ಳಾ?" ಅಂದ್ರು. ಆಪರೇಷನ್ ಇಲ್ಲದೆ, ಮೂರೇ ಮೂರು ನ್ಯಾನೋ ಇಂಜೆಕ್ಷನ್‌ನಲ್ಲಿ ಸವೆದ ಮಂಡಿ ಮತ್ತೆ ಬೆಳೆಯುತ್ತದೆ ಅಂತ ಅದರಲ್ಲಿತ್ತು. ಅಮ್ಮನಿಗೆ ಮೆಟ್ಟಿಲು ಹತ್ತೋಕೆ ಆಗದೆ ಎರಡು ವರ್ಷವಾಯ್ತು. ಕೂಡಿಟ್ಟ ಚೀಟಿ ದುಡ್ಡನ್ನು ಇದಕ್ಕೇ ಹಾಕೋಣ ಅಂತ ಆಗಲೇ ಮನಸ್ಸು ಮಾಡಿಬಿಟ್ಟಿದ್ದರು.

ಹೌದು ಅನ್ನೋಕೂ ಆಗಲಿಲ್ಲ, ಇಲ್ಲ ಅನ್ನೋಕೂ ಆಗಲಿಲ್ಲ. ಓದೋಕೆ ಕೂತೆ. ಓದಿದ್ದನ್ನೇ ಇವತ್ತು ನಿಮ್ಮ ಮುಂದೆ ಇಡ್ತಿದ್ದೇನೆ.

ಮೊದಲು ಒಂದು ವ್ಯತ್ಯಾಸ ತಿಳಿದಿರಲಿ. ಮುರಿದ ಮೂಳೆ ಕೂಡುತ್ತದೆ, ಅದು ನಮಗೆಲ್ಲ ಗೊತ್ತು. ಆದರೆ ಮೂಳೆಯ ತುದಿಗೆ ಮೆತ್ತೆಯ ಹಾಗೆ ಅಂಟಿಕೊಂಡಿರುವ ಮೃದ್ವಸ್ಥಿಯ ಕಥೆ ಬೇರೆ. ಅದರೊಳಗೆ ರಕ್ತನಾಳಗಳಿಲ್ಲ, ಇರುವ ಜೀವಕೋಶಗಳೂ ಕಡಿಮೆ. 1743ರಲ್ಲಿ ವಿಲಿಯಂ ಹಂಟರ್ ಎಂಬ ಅಂಗರಚನಾ ತಜ್ಞ ಲಂಡನ್ನಿನ ರಾಯಲ್ ಸೊಸೈಟಿಗೆ ಒಂದು ಪ್ರಬಂಧ ಬರೆದ. ಮೃದ್ವಸ್ಥಿ ಒಮ್ಮೆ ಹಾಳಾದರೆ ಮತ್ತೆ ಸರಿಹೋಗುವುದಿಲ್ಲ ಎನ್ನುವುದು ಅದರ ಸಾರ. ಇನ್ನೂರೆಂಬತ್ತು ವರ್ಷ ಕಳೆದರೂ ಆ ಮಾತನ್ನು ಪೂರ್ತಿ ಸುಳ್ಳು ಮಾಡೋಕೆ ಆಗಿಲ್ಲ.

ಹಾಗಾಗಿ ಕೆಲಸ ಮೊದಲು ಶುರುವಾಗಿದ್ದು ಮೂಳೆಯಲ್ಲೇ. 1920ರಲ್ಲಿ ಅಮೆರಿಕದ ಶಸ್ತ್ರವೈದ್ಯ ಫ್ರೆಡ್ ಆಲ್ಬೀ, ಮೊಲಗಳ ಮೂಳೆಯಲ್ಲಿದ್ದ ಕೊರೆಗೆ ಕ್ಯಾಲ್ಸಿಯಂ ಫಾಸ್ಫೇಟ್ ಹಾಕಿ ನೋಡಿದ. ಮೂಳೆಯಲ್ಲಿರುವ ಖನಿಜವೂ ಅದೇ ಜಾತಿಯದು. ಕೊರೆ ಬೇಗ ತುಂಬಿತು. ಆದರೂ ಮುಂದಿನ ಹಲವು ದಶಕ ವೈದ್ಯರು ಹೆಚ್ಚಾಗಿ ನೆಚ್ಚಿಕೊಂಡಿದ್ದು ಲೋಹವನ್ನು, ಪ್ಲಾಸ್ಟಿಕ್ಕನ್ನು. ದೇಹದ ಗೊಡವೆಗೆ ಹೋಗದೆ ಸುಮ್ಮನೆ ಬಿದ್ದಿರುವ ವಸ್ತುವೇ ಒಳ್ಳೆಯದು ಅನ್ನೋದು ಆಗಿನ ನಂಬಿಕೆ.

ಆ ನಂಬಿಕೆ ಬದಲಾಗಿದ್ದು ಒಂದು ಬಸ್ಸಿನಲ್ಲಿ. 1967ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದ ಲ್ಯಾರಿ ಹೆಂಚ್ ಒಂದು ಸಮ್ಮೇಳನಕ್ಕೆ ಹೊರಟಿದ್ದರು. ಪಕ್ಕದ ಸೀಟಿನಲ್ಲಿ ವಿಯೆಟ್ನಾಂನಿಂದ ಆಗಷ್ಟೇ ವಾಪಸಾಗಿದ್ದ ಸೇನೆಯ ಕರ್ನಲ್. ವಿಕಿರಣ ತಡೆಯುವ ವಸ್ತುಗಳ ಬಗ್ಗೆ ಹೆಂಚ್ ಮಾತಾಡುತ್ತಿದ್ದರೆ, ಆ ಕರ್ನಲ್ ಬೇರೆಯದನ್ನೇ ಕೇಳಿದ: ಮನುಷ್ಯನ ದೇಹ ಒಪ್ಪಿಕೊಳ್ಳುವಂಥ ವಸ್ತು ಮಾಡೋಕಾಗುತ್ತಾ? ಒಳಗಿಟ್ಟ ಲೋಹವನ್ನು, ಪ್ಲಾಸ್ಟಿಕ್ಕನ್ನು ದೇಹ ಒಪ್ಪದೆ ಸೈನಿಕರು ಕೈಕಾಲು ಕಳೆದುಕೊಳ್ಳುತ್ತಿದ್ದರು. ಎರಡು ವರ್ಷದೊಳಗೆ ಹೆಂಚ್ ಸಿಲಿಕಾ, ಸೋಡಿಯಂ, ಕ್ಯಾಲ್ಸಿಯಂ, ರಂಜಕ ಸೇರಿಸಿ ಒಂದು ಗಾಜು ಮಾಡಿದರು. ಇಲಿಗಳ ತೊಡೆಮೂಳೆಯಲ್ಲಿ ಅದನ್ನಿಟ್ಟು ಆರು ವಾರ ಬಿಟ್ಟು ಕೀಳಲು ಹೋದರೆ, ಬರಲೇ ಇಲ್ಲ! ಮೂಳೆ ಆ ಗಾಜನ್ನು ಹಿಡಿದುಕೊಂಡುಬಿಟ್ಟಿತ್ತು. ಅದೇ ಬಯೋಗ್ಲಾಸ್.

ಇದೇ ಹೊತ್ತಿಗೆ ಇನ್ನೊಂದು ದಾರಿಯೂ ತೆರೆದಿತ್ತು. 1965ರಲ್ಲಿ ಲಾಸ್ ಏಂಜಲೀಸ್‌ನ ಮಾರ್ಷಲ್ ಯುರಿಸ್ಟ್, ಖನಿಜ ತೆಗೆದ ಮೂಳೆಯ ಚೂರನ್ನು ಪ್ರಾಣಿಗಳ ಮಾಂಸಖಂಡದಲ್ಲಿಟ್ಟರು. ಮಾಂಸದ ನಡುವೆ ಹೊಸ ಮೂಳೆ ಹುಟ್ಟಿತು. ಅಂದರೆ "ಇಲ್ಲಿ ಮೂಳೆ ಕಟ್ಟಿ" ಅಂತ ಹೇಳುವ ಯಾವುದೋ ಪ್ರೋಟೀನ್ ಅದರಲ್ಲಿತ್ತು. ಅದಕ್ಕೆ ಬಿಎಂಪಿ ಅಂತ ಹೆಸರಾಯಿತು. 2002ರಲ್ಲಿ ಬೆನ್ನುಮೂಳೆ ಬೆಸೆಯುವ ಶಸ್ತ್ರಚಿಕಿತ್ಸೆಗೆ ಅಮೆರಿಕ ಅದನ್ನು ಒಪ್ಪಿತು.

ಆದರೆ ಕಥೆ ಎಡವಿದ್ದು ಇಲ್ಲೇ. ಬಿಎಂಪಿಯನ್ನು ಕೊಲಾಜೆನ್ ಸ್ಪಂಜಿನಲ್ಲಿ ನೆನೆಸಿ ಇಡುತ್ತಿದ್ದರು. ಸ್ಪಂಜು ಅದನ್ನು ಹೆಚ್ಚು ದಿನ ಹಿಡಿದಿಡುವುದಿಲ್ಲ. ಹಾಗಾಗಿ ದೇಹ ತಾನೇ ತಯಾರಿಸುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ತುಂಬಬೇಕು. ಹೆಚ್ಚಾಗಿದ್ದು ಬೇಡದ ಕಡೆಗೂ ಹರಿಯುತ್ತದೆ. 2008ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಎಚ್ಚರಿಕೆ ಕೊಡಬೇಕಾಯಿತು: ಕುತ್ತಿಗೆಯ ಭಾಗದಲ್ಲಿ ಬಳಸಿದಾಗ ಕೆಲವರಿಗೆ ಗಂಟಲು ಊದಿ ಜೀವಕ್ಕೇ ಅಪಾಯವಾಗಿತ್ತು.

ನನಗೆ ಇಡೀ ಇತಿಹಾಸದ ತಿರುವು ಇದೇ ಅನ್ನಿಸಿತು. ಮದ್ದು ಸಿಕ್ಕಿತ್ತು. ಸಿಗದೇ ಇದ್ದಿದ್ದು ಅದನ್ನು ಸರಿಯಾದ ಜಾಗಕ್ಕೆ, ಸರಿಯಾದಷ್ಟೇ, ನಿಧಾನವಾಗಿ ಮುಟ್ಟಿಸುವ ದಾರಿ.

ನ್ಯಾನೋಕಣಗಳು ಬರೋದು ಇಲ್ಲಿ. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲೇ ನ್ಯಾನೋಮೀಟರ್. ಇದು ಮೂಳೆಗೆ ಹೊಸದೇನಲ್ಲ. ಅದರಲ್ಲಿರುವ ಖನಿಜದ ಹರಳುಗಳೇ ಕೆಲವು ನ್ಯಾನೋಮೀಟರ್ ದಪ್ಪ ಇರುತ್ತವೆ. ಅಂಥದ್ದೇ ಸಣ್ಣ ಹರಳುಗಳ ಪೇಸ್ಟನ್ನು ಯುರೋಪಿನ ವೈದ್ಯರು ಮೂಳೆಯ ಕೊರೆ ತುಂಬಲು ಈಗಾಗಲೇ ಬಳಸುತ್ತಾರೆ. 2013ರಲ್ಲಿ ಅಖಿಲೇಶ್ ಗಹರ್ವಾರ್ ಮತ್ತು ಸಂಗಡಿಗರು, 1 ನ್ಯಾನೋಮೀಟರ್‌ನಷ್ಟೇ ದಪ್ಪದ ಜೇಡಿಮಣ್ಣಿನಂಥ ಬಿಲ್ಲೆಗಳನ್ನು ಮನುಷ್ಯರ ಕಾಂಡಕೋಶಗಳ ಜೊತೆ ಇಟ್ಟರು. ಬಿಎಂಪಿಯಂಥ ಪ್ರೋಟೀನ್ ಹಾಕದೆಯೇ ಆ ಕೋಶಗಳು ಮೂಳೆಯ ದಾರಿ ಹಿಡಿದವು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಕೌಶಿಕ್ ಚಟರ್ಜಿ ಅವರ ತಂಡ ಪಾಲಿಮರ್‌ಗೆ ಗ್ರಾಫೀನ್ ಕಣ ಬೆರೆಸಿ ಇಂಥದ್ದೇ ಪ್ರಯೋಗ ಮಾಡಿದೆ. ಇವೆರಡೂ ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆದ ಕೋಶಗಳು, ನೆನಪಿರಲಿ.

ಸರಿ, ಅಮ್ಮನ ಮಂಡಿ? ಕೀಲಿಗೆ ಚುಚ್ಚಿದ ಮದ್ದು ಬೇಗ ಸೋರಿಹೋಗುತ್ತದೆ. ಮೃದ್ವಸ್ಥಿ ಎಷ್ಟು ದಟ್ಟ ಅಂದರೆ ಒಳಕ್ಕೆ ಇಳಿಯೋದೂ ಕಷ್ಟ. 2018ರಲ್ಲಿ ಎಂಐಟಿಯ ಪೌಲಾ ಹ್ಯಾಮಂಡ್ ತಂಡ ಒಂದು ಉಪಾಯ ಮಾಡಿತು. ಮೃದ್ವಸ್ಥಿಯದು ಋಣ ವಿದ್ಯುದಂಶ. ಅದಕ್ಕೆ ಧನ ವಿದ್ಯುದಂಶದ ನ್ಯಾನೋಕಣ ಮಾಡಿ, ಅದಕ್ಕೆ ಐಜಿಎಫ್-1 ಎಂಬ ಬೆಳವಣಿಗೆಯ ಪ್ರೋಟೀನ್ ಕಟ್ಟಿ ಕಳಿಸಿದರು. ಮನುಷ್ಯರದರಷ್ಟೇ ದಪ್ಪದ ದನದ ಮೃದ್ವಸ್ಥಿಯನ್ನು ಆ ಕಣಗಳು ಎರಡು ದಿನದಲ್ಲಿ ದಾಟಿದವು. ಇಲಿಯ ಮಂಡಿಯಲ್ಲಿ ಮದ್ದು 30 ದಿನ ಉಳಿಯಿತು, ಸವೆತ ಕಡಿಮೆಯಾಯಿತು. ಗಮನಿಸಿ: ಕಡಿಮೆಯಾಗಿದ್ದು ಸವೆತ, ಅದೂ ಇಲಿಯಲ್ಲಿ.

ಮನುಷ್ಯರಲ್ಲಿ ಏನೂ ಆಗಿಲ್ಲ ಅಂತಲ್ಲ. 1994ರಲ್ಲೇ ಸ್ವೀಡನ್ನಿನ ವೈದ್ಯರು 23 ರೋಗಿಗಳ ಸ್ವಂತ ಮೃದ್ವಸ್ಥಿಯ ಕೋಶಗಳನ್ನು ಬೆಳೆಸಿ ಮಂಡಿಗೆ ಮರಳಿ ಹಾಕಿದ್ದರು. ಆದರೆ ಅದು ಪೆಟ್ಟಿನಿಂದಲೋ ಇನ್ನಾವುದರಿಂದಲೋ ಒಂದು ಕಡೆ ಆದ ಗುಳಿಗೆ. ವಯಸ್ಸಿನಿಂದ ಇಡೀ ಮಂಡಿ ಸವೆದವರಿಗಲ್ಲ.

ಇಷ್ಟು ಓದಿದ ಮೇಲೆ ಅಮ್ಮನ ಮುಂದೆ ಕೂತೆ. "ಅಮ್ಮ, ವಿಜ್ಞಾನ ಸುಳ್ಳಲ್ಲ, ಕರಪತ್ರ ಸುಳ್ಳು. ಇಲಿಗೆ ಆಗಿದ್ದನ್ನ ನಿಮಗೆ ಆಗುತ್ತೆ ಅಂತ ಮಾರ್ತಿದ್ದಾರೆ" ಅಂದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನನ್ನ ಕಾಲಕ್ಕೆ ಬರಲ್ಲ ಅನ್ನು" ಅಂದ್ರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಅವರು ಫಿಸಿಯೋಥೆರಪಿಗೆ ಹೋಗ್ತಿದ್ದಾರೆ. ನೋವು ಸ್ವಲ್ಪ ತಗ್ಗಿದೆ. ಚೀಟಿ ದುಡ್ಡು ಹಾಗೇ ಇದೆ.

ನಿಮ್ಮ ಮನೆಗೂ ಇಂಥ ಕರಪತ್ರ ಬಂದರೆ ಮೂರು ಪ್ರಶ್ನೆ ಕೇಳಿ: ಆ ಕಣ ಯಾವುದು? ಅದನ್ನು ಎಷ್ಟು ಜನ ಮನುಷ್ಯರ ಮೇಲೆ ಪರೀಕ್ಷೆ ಮಾಡಿದ್ದಾರೆ? ಒಪ್ಪಿಗೆ ಕೊಟ್ಟವರು ಯಾರು? ಉತ್ತರ ಬರದಿದ್ದರೆ ಎದ್ದು ಬನ್ನಿ.