ಕಂಪೌಂಡರನಿಂದ ಸಂಶೋಧಕನವರೆಗೆ

ಚಳಿಜ್ವರಕ್ಕೆಂದು ಕೊಂಡ ಕ್ವಿನೈನಿನಲ್ಲಿ ಕ್ವಿನೈನೇ ಕಡಿಮೆಯಿದ್ದರೆ ರೋಗಿಯ ಗತಿಯೇನು? 1920ರ ದಶಕದ ಭಾರತದಲ್ಲಿ ಇದು ಬರೀ ಊಹೆಯ ಪ್ರಶ್ನೆಯಾಗಿರಲಿಲ್ಲ. ಹೊರದೇಶಗಳಿಂದ ಬರುತ್ತಿದ್ದ ಕಳಪೆ ಔಷಧಿಗಳನ್ನು ತಡೆಯಲು ತಕ್ಕ ಕಾನೂನಿರಲಿಲ್ಲ, ಪರೀಕ್ಷಿಸಬಲ್ಲವರೂ ವಿರಳ. ದೂರುಗಳು ಹೆಚ್ಚಿದಾಗ ಸರ್ಕಾರ 1930ರಲ್ಲಿ ಕರ್ನಲ್ ಆರ್.ಎನ್. ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯೊಂದನ್ನು ನೇಮಿಸಿತು. ಔಷಧಿಗಳ ಮೇಲೆ ನಿಯಂತ್ರಣ ಬೇಕು, ಔಷಧಿ ವೃತ್ತಿಯವರಿಗೆ ಸರಿಯಾದ ಶಿಕ್ಷಣವೂ ಬೇಕು ಎಂದು ಸಮಿತಿ ಹೇಳಿತು. ಕಾನೂನು ಬಂದದ್ದು 1940ರಲ್ಲಿ. ಪಾಠ ಮಾತ್ರ ಅದಕ್ಕೂ ಮೊದಲೇ ಶುರುವಾಗಿತ್ತು.

ಅಲ್ಲಿಯವರೆಗೆ ಔಷಧಿ ಕಲಿಕೆ ಎಂದರೆ ಬಹುಮಟ್ಟಿಗೆ ಕಂಪೌಂಡರ್ ತರಬೇತಿ. ವೈದ್ಯರ ಚೀಟಿಯಂತೆ ಮಿಕ್ಸ್ಚರ್ ಕಲಸಿ, ಸೀಸೆಗೆ ತುಂಬಿ, ಎಷ್ಟು ಕುಡಿಯಬೇಕೆಂದು ತೋರಿಸುವ ಕಾಗದದ ಪಟ್ಟಿ ಅಂಟಿಸಿಕೊಟ್ಟರೆ ಕೆಲಸ ಮುಗಿಯಿತು. ಸೀಸೆಯೊಳಗಿನ ವಸ್ತುವನ್ನು ಇಲ್ಲಿಯೇ ತಯಾರಿಸುವ ವಿದ್ಯೆ ಅವನಿಗೆ ಯಾರೂ ಕಲಿಸಿರಲಿಲ್ಲ.

ಆ ಕೊರತೆಯನ್ನು ಮೊದಲು ತುಂಬಹೊರಟದ್ದು ಮದನ ಮೋಹನ ಮಾಳವೀಯರು ಕಟ್ಟಿದ ಬನಾರಸ್ ಹಿಂದೂ ವಿಶ್ವವಿದ್ಯಾಲಯ. ಬಿಹಾರದ ದರ್ಭಾಂಗದವರಾಗಿದ್ದು, ಅಮೆರಿಕದಲ್ಲಿ ಓದಿ ಬಂದಿದ್ದ ಮಹಾದೇವ ಲಾಲ್ ಶ್ರಾಫ್ ಅವರ ಪ್ರಯತ್ನದಿಂದ 1932ರಲ್ಲಿ ಅಲ್ಲಿನ ಬಿ.ಎಸ್ಸಿ. ಪದವಿಗೆ ಔಷಧ ರಸಾಯನಶಾಸ್ತ್ರ ಸೇರಿತು. 1937ಕ್ಕೆ ಅದು ಮೂರು ವರ್ಷಗಳ ಬಿ.ಫಾರ್ಮ್. ಆಯಿತು. ಎರಡೇ ವರ್ಷದಲ್ಲಿ, 1939ರಲ್ಲಿ, ಶ್ರಾಫ್ ಈ ಶಾಸ್ತ್ರಕ್ಕೆಂದೇ ಒಂದು ಪತ್ರಿಕೆಯನ್ನೂ ಹೊರಡಿಸಿದರು.

ಸ್ವಾತಂತ್ರ್ಯದ ನಂತರ 1948ರ ಫಾರ್ಮಸಿ ಕಾಯ್ದೆ ಬಂತು. ಕಾಲೇಜುಗಳು ಹೆಚ್ಚಿದವು, ಬೆಂಗಳೂರಿನ ಸರ್ಕಾರಿ ಕಾಲೇಜು 1964ರದು. ಆದರೆ ಕಾಯ್ದೆಯ ಕಣ್ಣಿದ್ದದ್ದು ಔಷಧಿ ಅಂಗಡಿಯ ಕೌಂಟರಿನ ಮೇಲೆ, ಪ್ರಯೋಗಾಲಯದ ಮೇಲಲ್ಲ. ನೋಂದಾಯಿತ ಫಾರ್ಮಸಿಸ್ಟರನ್ನು ಸಿದ್ಧಪಡಿಸುವುದೇ ಅದರ ಗುರಿ. ತಪ್ಪೇನಲ್ಲ, ಆದರೆ ಅಷ್ಟೇ ಸಾಲದಾಯಿತು.

1970ರ ಪೇಟೆಂಟ್ ಕಾಯ್ದೆ ಆಟದ ನಿಯಮವನ್ನೇ ಬದಲಿಸಿತು. ಔಷಧಿಗೆ ಪೇಟೆಂಟ್ ಇಲ್ಲ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಎಂದಾಗ, ಅದೇ ಔಷಧಿಯನ್ನು ಬೇರೆ ದಾರಿಯಿಂದ ಅಗ್ಗವಾಗಿ ತಯಾರಿಸಬಲ್ಲ ರಸಾಯನಶಾಸ್ತ್ರಜ್ಞರಿಗೆ ಬೇಡಿಕೆ ಕುದುರಿತು. ಅಂಥವರು ಬಂದದ್ದು ಫಾರ್ಮಸಿ ಕಾಲೇಜುಗಳಿಂದ ಮಾತ್ರವಲ್ಲ. ಮುಂಬಯಿ ವಿಶ್ವವಿದ್ಯಾಲಯದ ರಾಸಾಯನಿಕ ತಂತ್ರಜ್ಞಾನ ವಿಭಾಗ, ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಂಥ ಕಡೆಗಳಿಂದಲೂ. 1984ರಲ್ಲಿ ಹೈದರಾಬಾದಿನಲ್ಲಿ ಡಾ. ರೆಡ್ಡೀಸ್ ಕಂಪನಿ ಸ್ಥಾಪಿಸಿದ ಅಂಜಿ ರೆಡ್ಡಿ ಈ ಎರಡೂ ಕಡೆ ಕಲಿತವರು.

ಪರ್ಯಾಯ ದಾರಿ ಹುಡುಕುವುದು ಬೇರೆ, ಹೊಸ ಔಷಧಿಯನ್ನೇ ಕಂಡುಹಿಡಿಯುವುದು ಬೇರೆ. ಎರಡನೆಯದಕ್ಕೆ ರಸಾಯನಶಾಸ್ತ್ರವೊಂದೇ ಸಾಲದು. ಅಣು ದೇಹದಲ್ಲಿ ಏನು ಮಾಡುತ್ತದೆ, ಎಷ್ಟು ಹೊತ್ತು ಉಳಿಯುತ್ತದೆ, ಎಲ್ಲಿ ವಿಷವಾಗುತ್ತದೆ ಎಂದು ಬಲ್ಲವರೂ ಬೇಕು. ಪ್ರಾಣಿಗಳ ಮೇಲೆ, ನಂತರ ಮನುಷ್ಯರ ಮೇಲೆ ಪರೀಕ್ಷೆ ನಡೆಸಿ ಲೆಕ್ಕ ಇಡುವವರೂ ಬೇಕು. 1997ರಲ್ಲಿ ರೆಡ್ಡಿಯವರ ಕಂಪನಿ ಮಧುಮೇಹಕ್ಕೆಂದು ಕಂಡುಹಿಡಿದ ಅಣುವೊಂದನ್ನು ಡೆನ್ಮಾರ್ಕಿನ ನೋವೋ ನಾರ್ಡಿಸ್ಕ್‌ಗೆ ಕೊಟ್ಟಾಗ ದೇಶದಲ್ಲಿ ಭಾರಿ ಉತ್ಸಾಹವಿತ್ತು. ಅದು ಔಷಧಿಯಾಗಿ ಅಂಗಡಿಗೆ ಬರಲೇ ಇಲ್ಲ. ಈ ಕ್ಷೇತ್ರದಲ್ಲಿ ಹೆಚ್ಚಿನ ಅಣುಗಳ ಹಣೆಬರಹ ಅದೇ.

ಇತ್ತ 1995ರ ವಿಶ್ವ ವ್ಯಾಪಾರ ಒಪ್ಪಂದದಿಂದಾಗಿ ಔಷಧಿಗೇ ಪೇಟೆಂಟ್ ಕೊಡುವುದು ಅನಿವಾರ್ಯವಾಗಿತ್ತು; 2005ರಲ್ಲಿ ಅದು ಜಾರಿಗೆ ಬಂತು. ಅದಕ್ಕೂ ಮುಂಚೆ, 1998ರ ಕಾಯ್ದೆಯ ಮೂಲಕ, ಸಂಸತ್ತು ಚಂಡೀಗಢದ ಪಕ್ಕದ ಮೊಹಾಲಿಯ ರಾಷ್ಟ್ರೀಯ ಔಷಧ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗೆ ರಾಷ್ಟ್ರೀಯ ಮಹತ್ವದ ಸ್ಥಾನ ನೀಡಿತು. ಕೌಂಟರಿನ ಪದವಿಗೆ ಅಲ್ಲಿ ಜಾಗವಿಲ್ಲ. ಕಲಿಸುವುದು ಸ್ನಾತಕೋತ್ತರ ಮತ್ತು ಪಿಎಚ್.ಡಿ. ಮಟ್ಟದಲ್ಲಿ. 2007ರಲ್ಲಿ ಇದೇ ಮಾದರಿಯ ಸಂಸ್ಥೆಗಳು ಬೇರೆ ಊರುಗಳಲ್ಲೂ ಆರಂಭವಾದವು. ಅವುಗಳಲ್ಲೊಂದು ಇರುವುದು ಶ್ರಾಫ್ ಅವರ ಬಿಹಾರದಲ್ಲಿ, ಗಂಡಕಿ ನದಿಯ ದಂಡೆಯ ಹಾಜಿಪುರದಲ್ಲಿ.