ದೋಹದವಿಚಾರ

ನಮ್ಮ ಚಂಪೂಕಾವ್ಯಗಳನ್ನು ಓದಿದವರಿಗೆ ಉದ್ಯಾನವರ್ಣನೆಯು ಹೊಸದಲ್ಲ. ಅಷ್ಟಾದಶವರ್ಣನೆಗಳಲ್ಲಿ ವನವಿಹಾರವೂ ಒಂದಾದುದರಿಂದ ಮಾವು, ಮಲ್ಲಿಗೆ, ಸಂಪಗೆ, ಕೋಗಿಲೆ, ತುಂಬಿ, ಗಿಳಿ ಇವುಗಳಿಲ್ಲದ ಕಾವ್ಯವೇ ವಿರಳ. ಈ ತೋಟಗಳಲ್ಲಿ ಒಂದು ವಿಚಿತ್ರವಾದ ಸಂಗತಿಯೂ ಉಂಟು. ತರುಣಿಯ ಪಾದತಾಡನದಿಂದ ಅಶೋಕವೂ, ಅವಳು ಉಗುಳಿದ ಮದ್ಯದಿಂದ ಬಕುಳವೂ, ಆಲಿಂಗನದಿಂದ ಕುರವಕವೂ, ನೋಟದಿಂದ ತಿಲಕವೂ ಹೂಬಿಡುವುವೆಂದು ಕವಿಗಳು ಹೇಳುತ್ತಾರೆ. ಇದಕ್ಕೆ ದೋಹದವೆಂದು ಹೆಸರು. ಪಾಠ ಹೇಳುವವರು ಇದನ್ನು ‘ಕವಿಸಮಯ’ ಎಂಬ ಒಂದು ಮಾತಿನಿಂದ ಮುಗಿಸಿಬಿಡುವುದು ವಾಡಿಕೆ. ಆದರೆ ಈ ಶಬ್ದವು ಕವಿಗಳಿಗೆ ಮಾತ್ರ ಸೇರಿದುದಲ್ಲ. ತೋಟ ಮಾಡುವವರಿಗೂ ಸೇರಿದುದು. ಇದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ದೋಹದವೆಂದರೆ ಮೊದಲಿಗೆ ಬಸಿರ ಬಯಕೆ. ಗರ್ಭಿಣಿಯಲ್ಲಿ ಎರಡು ಹೃದಯಗಳಿರುವುದರಿಂದ ಆಕೆಯನ್ನು ದೌಹೃದಿನಿಯೆನ್ನುವರೆಂದು ಸುಶ್ರುತಸಂಹಿತೆಯು ಹೇಳುತ್ತದೆ. ಬಯಸಿದುದನ್ನು ಕೊಟ್ಟರೆ ತಾಯಿಗೂ ಶಿಶುವಿಗೂ ಕ್ಷೇಮ. ಈ ಮಾತು ಮರಕ್ಕೆ ಹೇಗೆ ಬಂದಿತು? ಕಾಳಿದಾಸನ ಮೇಘದೂತದಲ್ಲಿ ಯಕ್ಷನ ಮನೆಯ ಅಶೋಕ ಬಕುಳಗಳು ಯಕ್ಷಿಯ ಎಡಗಾಲನ್ನೂ ಬಾಯಿಯ ಮದ್ಯವನ್ನೂ ದೋಹದದ ನೆವದಿಂದ ಬಯಸುತ್ತವೆ. ಅಲ್ಲಿ ಮಲ್ಲಿನಾಥನು ಶಬ್ದಾರ್ಣವವೆಂಬ ಕೋಶವನ್ನು ಉದಾಹರಿಸುತ್ತಾನೆ. ಅದರ ತಾತ್ಪರ್ಯವಿಷ್ಟು: ಮರ, ಪೊದೆ, ಬಳ್ಳಿಗಳು ಕಾಲವಲ್ಲದ ಕಾಲದಲ್ಲಿ ಹೂ ಮೊದಲಾದುವನ್ನು ತಳೆಯುವಂತೆ ಕುಶಲರು ಪ್ರಯೋಗಿಸುವ ದ್ರವ್ಯವೂ ಆ ಕ್ರಿಯೆಯೂ ದೋಹದ. ಇಲ್ಲಿ ತರುಣಿಯೂ ಇಲ್ಲ, ಕಾಲೊದೆತವೂ ಇಲ್ಲ. ತೋಟಗಾರನೂ ಅವನ ಕೈಚಳಕವೂ ಇವೆ. ಕಾವ್ಯದ ಅತ್ಯಂತ ಸುಕುಮಾರವಾದ ಪದ್ಯವೊಂದನ್ನು ವಿವರಿಸುವಾಗ ವ್ಯಾಖ್ಯಾನಕಾರನು ತೋಟಗಾರನ ಅರ್ಥವನ್ನು ನೆನೆದುದು ಗಮನಾರ್ಹವಾಗಿದೆ.

ಆ ಕುಶಲರ ಶಾಸ್ತ್ರವೇ ವೃಕ್ಷಾಯುರ್ವೇದ. 6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ಒಂದು ಅಧ್ಯಾಯವನ್ನು ಇದಕ್ಕೆ ಮೀಸಲಿಟ್ಟಿದ್ದಾನೆ. ಮರಗಳಿಗೆಲ್ಲ ಮೃದುವಾದ ನೆಲ ಹಿತ. ಮೊದಲು ಅದರಲ್ಲಿ ಎಳ್ಳು ಬಿತ್ತಿ, ಅದು ಹೂಬಿಟ್ಟಾಗ ನೆಲಕ್ಕೇ ತುಳಿದುಬಿಡಬೇಕು. ನಾವು ಇಂದು ಹಸುರುಗೊಬ್ಬರವೆಂದು ಕರೆಯುವುದು ಇದಕ್ಕೆ ಸಮೀಪವಾದುದೇ. ಮರದಿಂದ ಮರಕ್ಕೆ 20 ಮೊಳದ ಅಂತರ ಉತ್ತಮ, 16 ಮಧ್ಯಮ, 12 ಕನಿಷ್ಠ. ಬೇರುಗಳೂ ಕೊಂಬೆಗಳೂ ಒಂದಕ್ಕೊಂದು ತಗುಲಿದರೆ ಫಲ ಚೆನ್ನಾಗಿ ಬಾರದು. ಬೇಸಗೆಯಲ್ಲಿ ಬೆಳಗ್ಗೆ ಸಂಜೆ, ಚಳಿಗಾಲದಲ್ಲಿ ದಿನ ಬಿಟ್ಟು ದಿನ, ಮಳೆಗಾಲದಲ್ಲಿ ನೆಲ ಒಣಗಿದಾಗ ನೀರೆರೆಯಬೇಕು. ಎಲೆ ಬಿಳಿಚಿಕೊಳ್ಳುವುದು, ಚಿಗುರು ಬೆಳೆಯದಿರುವುದು, ಕೊಂಬೆ ಒಣಗುವುದು, ರಸ ಸೋರುವುದು, ಇವು ರೋಗಲಕ್ಷಣಗಳು. ಮೊದಲು ಶಸ್ತ್ರದಿಂದ ಶೋಧಿಸಿ, ವಾಯುವಿಡಂಗ, ತುಪ್ಪ, ಕೆಸರುಗಳನ್ನು ಲೇಪಿಸಿ, ಹಾಲು ಬೆರೆಸಿದ ನೀರೆರೆಯುವುದು ಚಿಕಿತ್ಸೆ. ಫಲ ನಾಶವಾದರೆ ಹುರುಳಿ, ಉದ್ದು, ಹೆಸರು, ಎಳ್ಳು, ಜವೆಗೋದಿಗಳನ್ನು ಹಾಲಿನಲ್ಲಿ ಕಾಯಿಸಿ ಆರಿಸಿ ಎರೆಯಬೇಕು. ಇಲ್ಲಿ ಮರವು ರೋಗಿಯೂ ಹೌದು, ಹೆರಲಿರುವ ತಾಯಿಯೂ ಹೌದು. ಬಸುರಿಗೆ ಬಯಕೆಯೂಟ ಬಡಿಸುವಂತೆ ಮರಕ್ಕೆ ಉಣಿಸುವುದು.

ಹೊಗೆಯೂ ಒಂದು ದೋಹದ. 12ನೆಯ ಶತಮಾನದ ಶ್ರೀಹರ್ಷನ ನೈಷಧದಲ್ಲಿ ದೋಹದಧೂಪ ಕೊಟ್ಟ ದಾಳಿಂಬೆಯ ಮರದ ಹಣ್ಣುಗಳು ನಳನಿಗೆ ತಲೆಕೆಳಗಾಗಿ ಹೊಗೆ ಕುಡಿಯುವ ತಪಸ್ವಿಗಳಂತೆ ಕಾಣುತ್ತವೆ. ಉತ್ಪ್ರೇಕ್ಷೆ ಕವಿಯದು, ಹೊಗೆಯಿಕ್ಕುವ ಕೆಲಸ ತೋಟಗಾರನದು. ಫಿಲಿಪೀನ್ಸ್ ದ್ವೀಪಗಳಲ್ಲಿ ಮಾವಿಗೆ ಹೊಗೆ ಕೊಟ್ಟು ಹೂ ಬರಿಸುವ ರೂಢಿಯುಂಟು; ಹೊಗೆಯಲ್ಲಿರುವ ಎಥಿಲೀನ್ ಅನಿಲವು ಇದಕ್ಕೆ ಕಾರಣವೆಂದು ಸಸ್ಯಶಾಸ್ತ್ರಜ್ಞರು ತಿಳಿಸುತ್ತಾರೆ. ಇದರಿಂದ ದಾಳಿಂಬೆಯ ವಿಷಯ ಸಿದ್ಧವಾಗುವುದಿಲ್ಲ. ಧೂಪದೋಹದವು ಬರಿಯ ಕಲ್ಪನೆಯೆಂದು ತಳ್ಳಿಹಾಕಲಾಗದೆಂಬುದಷ್ಟೆ ತಿಳಿಯುತ್ತದೆ.

ಈ ವಿದ್ಯೆ ಕನ್ನಡಕ್ಕೂ ಬಂದಿತು. ಚಾಲುಕ್ಯ ಇಮ್ಮಡಿ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಇಮ್ಮಡಿ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ಸೂಪಶಾಸ್ತ್ರ, ಸುಗಂಧದ್ರವ್ಯ, ಅಂತರ್ಜಲಶೋಧನೆಗಳ ಜೊತೆಗೆ ವೃಕ್ಷಾಯುರ್ವೇದವೂ ಸೇರಿದೆ. (ಇವನು 978ರ ಚಾವುಂಡರಾಯಪುರಾಣವನ್ನು ಬರೆದ ಗಂಗಮಂತ್ರಿಯಲ್ಲ.) ಸುಮಾರು ಒಂದು ಶತಮಾನದ ತರುವಾಯ ಅದೇ ವಂಶದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ವನಕ್ರೀಡೆಗೆ ಸ್ಥಾನವಿದೆ. ಬನವಾಸಿಯ ನಂದನದಲ್ಲಿ ಮರಿದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟಬೇಕೆಂಬ ಬಯಕೆಯನ್ನು ಪಂಪನ ಕಾವ್ಯವು ಹೇಳಿದ ಕಾಲಕ್ಕೂ ಲೋಕೋಪಕಾರದ ಕಾಲಕ್ಕೂ ನೂರು ವರ್ಷಗಳ ಅಂತರವೂ ಇಲ್ಲ. ನಂದನವನ್ನು ಹಾಡಿದ ನಾಡಿನಲ್ಲಿಯೇ ಅದನ್ನು ಬೆಳೆಸುವ ವಿದ್ಯೆಯೂ ಕನ್ನಡದಲ್ಲಿ ಬರಹಕ್ಕೆ ಇಳಿಯಿತು.

ಹಾಗಾದರೆ ಕವಿಯ ದೋಹದವು ತೋಟಗಾರನ ದೋಹದದಿಂದ ಹುಟ್ಟಿತೆನ್ನಬಹುದೇ? ಕಾಲಗಣನೆಯು ಇದಕ್ಕೆ ಸಾಕ್ಷ್ಯವೀಯದು. ಕಾಳಿದಾಸನನ್ನು ವಿದ್ವಾಂಸರು ಸಾಮಾನ್ಯವಾಗಿ ವರಾಹಮಿಹಿರನಿಗಿಂತ ಹಿಂದಿನವನೆಂದೇ ಎಣಿಸುತ್ತಾರೆ. ಎರಡಕ್ಕೂ ಒಂದೇ ಮೂಲಭಾವವೆನ್ನುವುದು ಯುಕ್ತ: ಮರಕ್ಕೆ ಜೀವವುಂಟು, ಜೀವವಿದ್ದಲ್ಲಿ ಬಯಕೆಯುಂಟು, ಬಯಕೆ ತೀರಿದರೆ ಫಲವುಂಟು. ಆ ಬಯಕೆಯನ್ನು ಕವಿ ಶೃಂಗಾರದಿಂದ ತೀರಿಸಿದನು. ತೋಟಗಾರನು ಹುರುಳಿಯ ಕಷಾಯದಿಂದ ತೀರಿಸಿದನು.

ಶಾಸ್ತ್ರಗ್ರಂಥದ ವಿಧಿಗಳೆಲ್ಲವೂ ಅನುಭವಸಿದ್ಧವೆಂದು ನಂಬುವುದೂ, ಕಾವ್ಯದ ವರ್ಣನೆಯೆಲ್ಲವೂ ಸುಳ್ಳೆಂದು ತಿಳಿಯುವುದೂ ಸಮವಾದ ತಪ್ಪು. ಲೋಕೋಪಕಾರವು 1950ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. 2006ರಲ್ಲಿ ಅದರ ಇಂಗ್ಲಿಷ್ ಅನುವಾದವೂ ಹೊರಬಂದಿತು. ಆದರೂ ಅದು ಕೃಷಿಚರಿತ್ರೆಯ ಗ್ರಂಥವೆಂಬ ಭಾವನೆಯಿಂದ ಸಾಹಿತ್ಯದ ತರಗತಿಗಳಿಂದ ದೂರವೇ ಉಳಿದಂತಿದೆ. ವನವಿಹಾರದ ಪದ್ಯಗಳನ್ನು ಪಾಠಹೇಳುವವರು ಅದನ್ನು ಪಕ್ಕದಲ್ಲಿಟ್ಟುಕೊಂಡರೆ, ಕಾವ್ಯದ ಅಶೋಕವು ಬೇರೂರಿ ನಿಂತಿರುವ ಮಣ್ಣು ಯಾವುದೆಂಬುದು ವಿದ್ಯಾರ್ಥಿಗಳಿಗೆ ವಿಶದವಾದೀತು.