ಶಾಸನಾಧ್ಯಯನ ಮತ್ತು ಡಾ. ಪಿಗೂ ಅವರ ಛಾಯಾಚಿತ್ರಗಳು

ಕನ್ನಡ ಶಾಸನಾಧ್ಯಯನದ ಇತಿಹಾಸವನ್ನು ನಾವು ಸಾಮಾನ್ಯವಾಗಿ ಫ್ಲೀಟ್, ರೈಸ್ ಅವರ ಹೆಸರುಗಳಿಂದ ಆರಂಭಿಸುತ್ತೇವೆ. ಶಾಸನಪಾಠ ಆ ವಿದ್ವಾಂಸರ ಕೈಸೇರಿದ ಬಗೆಯನ್ನು ವಿಚಾರಿಸುವುದು ಕಡಿಮೆ. ಅವರಿಗಿಂತ ಮೊದಲು ವಾಲ್ಟರ್ ಎಲಿಯಟ್ ನೂರಾರು ಶಾಸನಗಳ ಕೈಬರಹದ ಪ್ರತಿಗಳನ್ನು ಮಾಡಿಸಿದ್ದರು. ಅಂತಹ ಪ್ರತಿಯಲ್ಲಿ ಪಾಠವಿರುತ್ತದೆ, ಲಿಪಿಯ ರೂಪವಿರುವುದಿಲ್ಲ.

ಧಾರವಾಡ ಅಂದು ಮುಂಬಯಿ ಆಧಿಪತ್ಯಕ್ಕೆ ಸೇರಿತ್ತು. 1855ರಲ್ಲಿ ಮುಂಬಯಿ ಸರಕಾರವು ಫಿರಂಗಿದಳದ ಕ್ಯಾಪ್ಟನ್ ಥಾಮಸ್ ಬಿಗ್ಸ್ ಅವರನ್ನು ಪ್ರಾಚೀನ ಕಟ್ಟಡಗಳ ಛಾಯಾಗ್ರಹಣಕ್ಕೆ ನೇಮಿಸಿತು. ಬಿಜಾಪುರ, ಬಾದಾಮಿ, ಐಹೊಳೆಗಳ ಚಿತ್ರಗಳನ್ನು ತೆಗೆದ ಬಿಗ್ಸ್ ಅವರನ್ನು ವರ್ಷಾಂತ್ಯಕ್ಕೇ ಸೈನ್ಯ ಮರಳಿ ಕರೆಸಿಕೊಂಡಿತು. ಅವರ ಸ್ಥಾನಕ್ಕೆ ಬಂದವರು ವೈದ್ಯಾಧಿಕಾರಿ ವಿಲಿಯಂ ಹೆನ್ರಿ ಪಿಗೂ. ನಾನು ಈ ಟಿಪ್ಪಣಿ ಬರೆಯುತ್ತಿರುವ ಭಿವಂಡಿಯ ನೆರೆಯ ಕಲ್ಯಾಣಕ್ಕೆ ರೈಲು ಬಂದದ್ದೇ 1854ರಲ್ಲಿ; ಧಾರವಾಡದ ಕಡೆಗೆ ಆಗಿನ್ನೂ ರೈಲಿರಲಿಲ್ಲ. ಕ್ಯಾಮೆರಾ, ರಾಸಾಯನಿಕಗಳನ್ನು ಹೊತ್ತು ಸಾಗಿದ ಪಿಗೂ ಲಕ್ಕುಂಡಿ, ಬೇಲೂರು, ಹಳೆಬೀಡುಗಳನ್ನು ಚಿತ್ರಿಸಿದರು. ದೇವಾಲಯಗಳೊಂದಿಗೆ ಶಾಸನಗಳನ್ನೂ ಚಿತ್ರಿಸಿದ್ದು ನಮ್ಮ ಪಾಲಿನ ಭಾಗ್ಯ.

1858ರಲ್ಲಿ ಪಿಗೂ ತೀರಿಕೊಂಡರು. ಅವರ, ಡಾ. ನೀಲ್ ಅವರ ಹಾಗೂ ಬಿಗ್ಸ್ ಅವರ ಚಿತ್ರಗಳ ಗ್ರಂಥವು ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪವೆಂಬ ಹೆಸರಿನಲ್ಲಿ 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಇತಿಹಾಸಭಾಗ ಮೆಡೋಸ್ ಟೇಲರ್ ಅವರದು, ವಾಸ್ತುವಿವೇಚನೆ ಫರ್ಗ್ಯುಸನ್ ಅವರದು. ಶಾಸನಚಿತ್ರಗಳು ಪ್ರತ್ಯೇಕವಾಗಿ ಹೊರಬಂದವು. ಕಟ್ಟಡಗಳ ಗ್ರಂಥಕ್ಕೆ ದೊರೆತ ಮನ್ನಣೆ ಇವಕ್ಕೆ ದೊರೆಯಲಿಲ್ಲವಾದರೂ, ಫ್ಲೀಟ್ ಅವರ 1878ರ ಶಾಸನಸಂಕಲನಕ್ಕೆ ಆಧಾರವಾದದ್ದು ಇವೇ. ಮೈಸೂರಿನಲ್ಲಿಯೂ ನಡೆದದ್ದು ಇದೇ ಕ್ರಮ: 1865ರಲ್ಲಿ ಡಿಕ್ಸನ್ ತೆಗೆದ ಚಿತ್ರಗಳಿಂದ ರೈಸ್ ತಮ್ಮ 1879ರ ಗ್ರಂಥವನ್ನು ಸಿದ್ಧಪಡಿಸಿದರು.

ಛಾಯಾಚಿತ್ರವನ್ನು ನಿರ್ದೋಷ ಸಾಕ್ಷಿಯೆಂದು ನಂಬಲಾಗದು. ಅಕ್ಷರಗಳಿಗೆ ಸುಣ್ಣ ತುಂಬಿ ತೆಗೆದ ಚಿತ್ರವಾದರೆ, ತುಂಬಿದವನ ಓದೇ ಅದರಲ್ಲಿ ನೆಲೆಯಾಗುತ್ತದೆ. ಹಳಗನ್ನಡ ಲಿಪಿಯಲ್ಲಿ ಮಕಾರ–ವಕಾರಗಳ ಭೇದ ಎಷ್ಟು ಸೂಕ್ಷ್ಮವೆಂಬುದು ಬಲ್ಲವರಿಗೆ ಗೊತ್ತು. ಒಂದು ಅಕ್ಷರದ ವ್ಯತ್ಯಾಸದಿಂದ ದಾನಿಯ ಹೆಸರು, ಕವಿಯ ಕಾಲ ಪಲ್ಲಟಗೊಳ್ಳಬಹುದು. ಆದುದರಿಂದ ಫ್ಲೀಟ್ ಪಾಠದಲ್ಲಿ ಸಂಶಯ ಬಂದೆಡೆ ಚಿತ್ರವನ್ನು ಕಲ್ಲಿನೊಡನೆ ಹೋಲಿಸಬೇಕು. ಕಲ್ಲು ಸವೆದು ಅಕ್ಷರ ಅಳಿದಿರುವಲ್ಲಿ ಮಾತ್ರ, ಎಚ್ಚರಿಕೆಯಿಂದಲೇ, ಪಿಗೂ ಅವರ ಚಿತ್ರವನ್ನು ಮೂಲವೆಂದು ಹಿಡಿಯಬೇಕಾಗುತ್ತದೆ.